ಅರ್ಧ ಗೆರೆ

10 ಏಪ್ರಿಲ್ 2024, ಬುಧವಾರ
ಚಳ್ಳಕೆರೆ ತಾಲ್ಲೂಕು

ನಿನ್ನೆ ಯುಗಾದಿ. ಇವತ್ತು ಶಾಲೆಯ ಕೊನೆಯ ದಿನ. ಈ ಬರದಲ್ಲೂ ಮಕ್ಕಳೆಲ್ಲ ಹೋಳಿಗೆ ತಿಂದೆವು ಎಂದರು. ಕೇಳಿ ಸಮಾಧಾನವಾಯಿತು.

ಜೂನ್‌ನಲ್ಲಿ ನಾಲ್ಕು, ಐದನೇ ತರಗತಿ ಸೇರಿ ನನ್ನ ಕೋಣೆಯಲ್ಲಿ 17 ಮಕ್ಕಳಿದ್ದರು. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳು ಇನ್ನೊಬ್ಬ ಟೀಚರ್ ಹತ್ತಿರ. ಮುಂಗಾರು ಕೈಕೊಟ್ಟಿತು. ಶೇಂಗಾ ಬಿತ್ತಿದವರಿಗೆ ಬೀಜದ ದುಡ್ಡೂ ಹುಟ್ಟಲಿಲ್ಲ. ರಾಜ್ಯದ 223 ತಾಲ್ಲೂಕುಗಳು ಬರದ ಪಟ್ಟಿ ಸೇರಿದವು, ನಮ್ಮದೂ ಸೇರಿತು. ದೀಪಾವಳಿ ಮುಗಿದ ಮೇಲೆ ಒಂದೊಂದೇ ಮನೆಗೆ ಬೀಗ ಬಿತ್ತು. ಕೆಲವರು ಬೆಂಗಳೂರಿಗೆ, ಕೆಲವರು ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ. ಜನವರಿ ಹೊತ್ತಿಗೆ ನನ್ನ ಮುಂದೆ ಕೂತವರು ಒಂಬತ್ತೇ ಮಕ್ಕಳು. ಗುಳೆ ಹೋದವರ ಹೆಸರನ್ನೂ ದಿನಾ ಹಾಜರಿಯಲ್ಲಿ ಕೂಗುತ್ತಿದ್ದೆ. ಬಿಡಲು ಮನಸ್ಸು ಬರಲಿಲ್ಲ.

ಹೋದವರಲ್ಲಿ ಐದನೇ ತರಗತಿಯ ಒಬ್ಬ ಹುಡುಗ. ಹೆಸರು ಬೇಡ. "ಅಜ್ಜಿ ಹತ್ರ ಬಿಟ್ಟು ಹೋಗಿ" ಅಂತ ಅವನ ಅಪ್ಪನಿಗೆ ಹೇಳಿದ್ದೆ. "ಚಿಕ್ಕ ಹುಡುಗಿನ ಯಾರು ನೋಡ್ಕಳಾದು ಮೇಡಂ?" ಅಂದರು. ತಂಗಿಯನ್ನು ಆಡಿಸಲು ಇವನು ಹೋದ. ಒಂದು ನೋಟ್‌ಬುಕ್ ಕೊಟ್ಟು, ದಿನಾ ಏನಾದರೂ ಬರಿ ಎಂದು ಕಳಿಸಿದೆ.

ಐದನೇ ತರಗತಿಗೆ ಬೋರ್ಡ್ ಪರೀಕ್ಷೆ ಎಂದಾಗ ಫೋನ್ ಮಾಡಿ ಕರೆಸಿದೆ. ಎರಡು ದಿನದ ಕೂಲಿ ಬಿಟ್ಟು ಅಪ್ಪ ಕರೆದುಕೊಂಡು ಬಂದರು. ಮಾರ್ಚ್ 11ಕ್ಕೆ ಪರೀಕ್ಷೆ ಶುರು. 12ಕ್ಕೆ ಕೋರ್ಟಿನಿಂದ ತಡೆ. ಮುಂದಿನ ಪರೀಕ್ಷೆ ಯಾವಾಗ ಎಂದು ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಲಿ ಬಿಟ್ಟು ಬಂದವರ ಮುಂದೆ ಹಾಗೆ ನಿಲ್ಲುವುದು ತುಂಬಾ ಕಷ್ಟ. ಆದರೂ ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದರು. ಅವರಿಗೆ ನಾನು ಋಣಿ.

ಮಾರನೇ ದಿನ ಹುಡುಗ ನೋಟ್‌ಬುಕ್ ತೋರಿಸಿದ. ನಾನು ಕಾಪಿ ರೈಟಿಂಗ್ ಇರುತ್ತದೆ ಎಂದುಕೊಂಡಿದ್ದೆ. ಪುಟದ ತುಂಬಾ ನಿಂತ ಗೆರೆಗಳು. ಒಂದೊಂದು ಸಾಲಿನ ಮುಂದೆ ಅಪ್ಪ, ಅವ್ವ, ಮಾವ, ಪಕ್ಕದ ಶೆಡ್ಡಿನ ಅಕ್ಕ. ಕೆಲಸಕ್ಕೆ ಹೋದ ದಿನಕ್ಕೆ ಒಂದು ಗೆರೆ. ಅವ್ವನ ಸಾಲಿನಲ್ಲಿ ಐದು ಗೆರೆ, ಪಕ್ಕದಲ್ಲಿ ಒಂದು ಗಿಡ್ಡ ಗೆರೆ.

"ಇದ್ಯಾಕೆ ಹಿಂಗೆ?"

"ಮಧ್ಯಾಹ್ನ ಸಿಮೆಂಟ್ ಖಾಲಿ ಆತು ಮಿಸ್. ಅವತ್ತು ಅವ್ವಂಗೆ ಅರ್ಧ ಆಳು."

ಕೆಳಗೆ ಲೆಕ್ಕ: ಐದೂವರೆ ಆಳು, 500ರಂತೆ, 2,750. ಒಂದು ಶನಿವಾರದ ಬಟವಾಡೆಯಲ್ಲಿ ಮೇಸ್ತ್ರಿ 250 ಕಡಿಮೆ ಕೊಟ್ಟನಂತೆ. ಇವನು ಗಿಡ್ಡ ಗೆರೆ ತೋರಿಸಿದ ಮೇಲೆ ದುಡ್ಡು ಬಂತಂತೆ.

ಭಿನ್ನರಾಶಿ ಪಾಠಕ್ಕೆ ನಾನು ಮನೆಯಿಂದ ರೊಟ್ಟಿ ತಂದು ಭಾಗ ಮಾಡಿ ತೋರಿಸಿದ್ದೆ. ಆಗ ಇವನ ತಲೆಗೆ ಹತ್ತಿರಲಿಲ್ಲ. ಅವ್ವನ ಕೂಲಿಯಲ್ಲಿ ಹತ್ತಿತು. ಖುಷಿಯೂ ಆಯಿತು, ಹೊಟ್ಟೆಯೂ ಚುರ್ ಎಂದಿತು. ಹತ್ತು ವರ್ಷದ ಮಗು ಮೇಸ್ತ್ರಿಯ ಮುಂದೆ ನಿಂತು ಲೆಕ್ಕ ಕೇಳಬಾರದಿತ್ತು ಅಲ್ವಾ?

ಅವತ್ತೇ ಅವನ ಗೆರೆಗಳನ್ನು ಬೋರ್ಡಿನ ಮೇಲೆ ಬರೆಸಿದೆ. ಅರ್ಧಕ್ಕೆ ಅರ್ಧ ಸೇರಿದರೆ ಒಂದು ಆಳು. ನಾಲ್ಕನೇ ತರಗತಿಯವರೂ ಕೈ ಎತ್ತಿದರು. ಪರೀಕ್ಷೆ ನಿಂತಿದ್ದ ಆ ದಿನಗಳಲ್ಲಿ ನಡೆದಷ್ಟು ಒಳ್ಳೆಯ ಪಾಠ ಈ ವರ್ಷ ಇನ್ಯಾವಾಗಲೂ ನಡೆಯಲಿಲ್ಲ.

25ಕ್ಕೆ ಪರೀಕ್ಷೆ ಮತ್ತೆ ಶುರುವಾಗಿ ಮುಗಿಯಿತು. ಮೊನ್ನೆ 8ಕ್ಕೆ ಫಲಿತಾಂಶಕ್ಕೂ ತಡೆ ಬಂತು. ಇವತ್ತು ಹುಡುಗ "ನಾನು ಪಾಸಾ ಮಿಸ್?" ಎಂದು ಕೇಳಿದ. "ನಿನಗೆ ಲೆಕ್ಕ ಬರುತ್ತೆ, ನನಗೆ ಗೊತ್ತು" ಎಂದೆ. ಅವನಿಗೆ ಅದು ಸಾಕಾಗಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು.

ಬರದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಇದೆ. ಅದಕ್ಕೇ ಅಜ್ಜಿ ಅವನನ್ನು ಬೆಂಗಳೂರಿಗೆ ಕಳಿಸುತ್ತಿಲ್ಲ. ನನಗೆ ಚುನಾವಣೆ ಡ್ಯೂಟಿ ಇದೆ, 26ಕ್ಕೆ ಮತದಾನ. ಉಳಿದ ದಿನ ಊಟದ ಹೊತ್ತಿಗೆ ಹೋಗಿ ಬರುತ್ತೇನೆ.

ಆರನೇ ತರಗತಿಗೆ ಅವನು ಪಕ್ಕದ ಊರಿಗೆ ಹೋಗಬೇಕು. ಸಂಜೆ ಅವನ ನೋಟ್‌ಬುಕ್‌ಗೆ ಹಳೇ ಪೇಪರಿನ ಬೈಂಡ್ ಹಾಕಿಕೊಟ್ಟೆ. ಅಲ್ಲಿನ ಮೇಷ್ಟ್ರಿಗೆ ಮೊದಲ ದಿನವೇ ತೋರಿಸು ಎಂದಿದ್ದೇನೆ.