ಎಲ್ಗೆಯೊ ಕಡಿದಂಚಿನಲ್ಲಿ ನಾನು ತಪ್ಪಾಗಿ ಎಳೆದ ಗೆರೆ

ಕೆನ್ಯಾದ ಎಲ್ಗೆಯೊ ಕಡಿದಂಚಿನ ಶಿಲಾನಕ್ಷೆಯನ್ನು ಪರಿಷ್ಕರಿಸುವ ತಂಡಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಇಟೆನ್ ಪಟ್ಟಣದ ಪೂರ್ವಕ್ಕೆ, ಸಮೋನ್ನತ ರೇಖೆಗಳು (ನಕ್ಷೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳು) ಒತ್ತೊತ್ತಾಗಿ ಕೂಡಿಕೊಂಡಿರುವ ಪಟ್ಟಿಯೊಂದು ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಸೀಳು ಕಣಿವೆಯ ಗೋಡೆ ಎಂದರೆ ಇದೇ, ನೆಲ ಮುರಿದು ಕುಸಿದದ್ದು ಇಲ್ಲಿಯೇ ಎಂದು ನಂಬಿ, ಕಚೇರಿಯಲ್ಲಿ ಕುಳಿತೇ ಬಂಡೆಯಂಚಿನ ಬುಡದಲ್ಲಿ ಸ್ತರಭಂಗದ, ಅಂದರೆ ನೆಲ ಮುರಿದು ಜಾರಿದ ಬಿರುಕಿನ, ಕೆಂಪು ಗೆರೆ ಎಳೆದೆ. ತಂಡದ ಹಿರಿಯರು ಅದನ್ನು ಬಹಳ ಹೊತ್ತು ನೋಡಿ, "ಈ ಗೆರೆಯ ಎರಡೂ ಬದಿಯ ಕಲ್ಲನ್ನು ನೀವು ಮುಟ್ಟಿ ನೋಡಿದ್ದೀರಾ?" ಎಂದಷ್ಟೇ ಕೇಳಿದರು. ನಾನು ನೋಡಿರಲಿಲ್ಲ.

ಮರುದಿನ ಇಟೆನ್‌ನಿಂದ ತಂಬಾಚ್ ಮಾರ್ಗವಾಗಿ ಕೆರಿಯೊ ಕಣಿವೆಯತ್ತ ನಡೆದು ಇಳಿದೆವು. ಅಂಚಿನಿಂದ ಕಣಿವೆಯ ತಳಕ್ಕೆ ಸಾವಿರ ಮೀಟರಿಗೂ ಹೆಚ್ಚಿನ ಇಳಿತವಿದೆ. ಮೇಲೆ ಚಪ್ಪಡಿಯಂತೆ ಕುಳಿತಿರುವುದು ಫೋನೋಲೈಟ್, ಅಂದರೆ ಸುಮಾರು 1.2ರಿಂದ 1.4 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ತೆಳುವಾದ ಚಕ್ಕೆಗೆ ಸುತ್ತಿಗೆ ತಾಗಿಸಿದರೆ ಲೋಹದಂತೆ ಕಣಕಣ ಸದ್ದು ಬರುತ್ತದೆ. ನನ್ನ ಗೆರೆ ಇದ್ದದ್ದು ಈ ಬಂಡೆಯ ಬುಡದಲ್ಲಿ. ಅಲ್ಲಿ ಸ್ತರಭಂಗವಿದ್ದಿದ್ದರೆ ಕಲ್ಲು ನುಗ್ಗುನುರಿಯಾಗಿರಬೇಕಿತ್ತು, ಉಜ್ಜಿ ನುಣುಪಾದ ಗೀರುಗಳು ಕಾಣಬೇಕಿತ್ತು. ನನಗೆ ಸಿಕ್ಕಿದ್ದು ಪದರ ಪದರವಾದ ಮರಳುಗಲ್ಲು. ಒಂದು ತುಂಡನ್ನು ಅಂಗೈಯಲ್ಲಿಟ್ಟು ಮಸೂರದಡಿ ನೋಡಿದಾಗ, ನೀರಿನಲ್ಲಿ ಉರುಳಿ ಅಂಚು ಸವೆದ ಬೆಣಚುಕಲ್ಲಿನ ಹರಳುಗಳು ತುಂಬಿದ್ದವು. ಅವು ಇನ್ನೂ ಕೆಳಗಿರುವ, 50 ಕೋಟಿ ವರ್ಷಗಳಿಗೂ ಹಿಂದಿನ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆಯಿಂದ ಕಳಚಿ ಬಂದವು. ನೈಸ್, ಅದರ ಮೇಲೆ ತಂಬಾಚ್‌ನ ಈ ಮರಳುಗಲ್ಲು, ಅದರ ಮೇಲೆ ಲಾವಾ ಎಂಬ ಈ ಕ್ರಮ ಎಲ್ಲಿಯೂ ಕಡಿದಿರಲಿಲ್ಲ. ನಾನು ಬಿರುಕು ಎಂದುಕೊಂಡದ್ದು ಲಾವಾ ಬಂದು ಮುಚ್ಚುವ ಮುನ್ನ ಹೊಳೆಗಳು ಹರಿದಿದ್ದ ಒಂದು ಪುರಾತನ ನೆಲವಾಗಿತ್ತು. ಆ ಹರಳುಗಳನ್ನು ನೋಡಿದ ಗಳಿಗೆಯನ್ನು ನಾನು ಇಂದಿಗೂ ಮರೆತಿಲ್ಲ.

ನಿಜವಾದ ಎಲ್ಗೆಯೊ ಸ್ತರಭಂಗ ಇಳಿಜಾರಿನ ಪಾದದಲ್ಲಿದೆ, ಅದೂ ಬಹುಪಾಲು ಮೆಕ್ಕಲು ಮತ್ತು ಉರುಳುಗಲ್ಲಿನಡಿ ಹೂತುಹೋಗಿದೆ. ಅದರ ಪೂರ್ವದ ನೆಲ ಕುಸಿಯುತ್ತಾ ಪಶ್ಚಿಮಕ್ಕೆ ವಾಲಿದೆ. ಕಣಿವೆಯಾಚೆಯ ತುಗೆನ್ ಬೆಟ್ಟಗಳು ಹಾಗೆ ವಾಲಿದ ನೆಲದ ಎತ್ತಿಕೊಂಡ ತುದಿ. ಇತ್ತ ಗಟ್ಟಿ ಫೋನೋಲೈಟ್‌ನ ಅಡಿಯ ಮೆತ್ತನೆಯ ಪದರ ಸವೆದಂತೆಲ್ಲ ಮೇಲಿನ ಬಂಡೆ ಆಧಾರ ತಪ್ಪಿ ಒಡೆದು ಬೀಳುತ್ತದೆ, ಕಡಿದಂಚು ಹಿಂದಕ್ಕೆ ಸರಿಯುತ್ತದೆ. ಸಮಾನಾಂತರ ಬಿರುಕುಗಳ ನಡುವೆ ನೆಲ ಕುಸಿದು ಈ ಕಣಿವೆಯಾಯಿತೆಂದು 1893ರಲ್ಲಿ ಇಲ್ಲಿ ಸಂಚರಿಸಿದ ಬ್ರಿಟಿಷ್ ಭೂವಿಜ್ಞಾನಿ ಜೆ. ಡಬ್ಲ್ಯು. ಗ್ರೆಗೊರಿ ವಿವರಿಸಿದ್ದು ಸರಿಯೇ. ಆದರೆ ಇಂದು ಕಣ್ಣಿಗೆ ಬೀಳುವ ಅಂಚು ಆ ಬಿರುಕಿನ ನೆತ್ತಿಯ ಮೇಲೆ ನಿಂತಿಲ್ಲ.

ಇದು ಬರಿಯ ನಕ್ಷೆಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಇದೇ ಕಡಿದಂಚಿನ ಉತ್ತರ ಭಾಗದಲ್ಲಿ ಮರಕ್ವೆಟ್ ಜನ ತಲೆಮಾರುಗಳಿಂದ ಇಳಿಜಾರಿನ ಹೊಳೆಗಳ ನೀರನ್ನು ಕಾಲುವೆ ತೋಡಿ ಕಣಿವೆಯ ಹೊಲಗಳಿಗೆ ಹರಿಸುತ್ತಾರೆ. ಅಲ್ಲಿಯ ಚೆಸೆಗೊನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಸಡಿಲ ಇಳಿಜಾರು ಯಾವುದು, ಸ್ತರಭಂಗ ಎಲ್ಲಿ ಎಂಬುದನ್ನು ನಕ್ಷೆ ಬೆರೆಸಿಬಿಟ್ಟರೆ ಅದನ್ನು ನಂಬಿ ಮನೆ, ರಸ್ತೆ ಕಟ್ಟುವವರಿಗೆ ನಾವು ಅನ್ಯಾಯ ಮಾಡಿದಂತೆ.

ಗೆರೆಯನ್ನು ಪೂರ್ವಕ್ಕೆ ಸರಿಸಿ, ಮಣ್ಣಿನಡಿ ಮರೆಯಾದಲ್ಲೆಲ್ಲ ತುಂಡುಗೆರೆಯಾಗಿ ಬರೆದೆ. ಅಂದಿನಿಂದ, ನಾನೇ ನಿಂತು ಎರಡೂ ಬದಿಯ ಕಲ್ಲು ನೋಡಿದ ಜಾಗದಲ್ಲಿ ಮಾತ್ರ ಗೆರೆಯ ಮೇಲೆ ಒಂದು ಚುಕ್ಕೆ ಇಡುತ್ತೇನೆ.