ಮೂರನೆಯ ಡೆಸ್ಕು

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಪಾಠ ಹೇಳಿದ ಮೇಷ್ಟ್ರುಗಳಿಗಿಂತ ಮೊದಲು ನನಗೆ ನೆನಪಾದದ್ದು ನಮ್ಮ ಸಭಾಂಗಣದ ವೇದಿಕೆಗೆ ಒತ್ತಿಟ್ಟು ಹಗ್ಗದಿಂದ ಬಿಗಿದಿದ್ದ ಒಂದು ಡೆಸ್ಕು. ಗುರುಗಳು ಕ್ಷಮಿಸಬೇಕು.

ನಾನು ಇಲ್ಲಿ ಬಿ.ಎ. ಓದಿದ್ದು 1987ರಿಂದ ಮೂರು ವರ್ಷ. ಆಗ ಸಭಾಂಗಣವೆಂದರೆ ಪರೀಕ್ಷೆ ಬರೆಯುವ ಜಾಗ, ವರ್ಷಕ್ಕೊಮ್ಮೆ ಅತಿಥಿಗಳಿಗೆ ಹಾರ ಹಾಕುವ ಜಾಗ, ಅಷ್ಟೆ. ಆಟ ನೋಡುವುದಕ್ಕೆ ನಮ್ಮ ಮಲೆನಾಡಿನವರಿಗೆ ಬೇರೆಯೇ ಸ್ಥಳಗಳಿದ್ದವು. ಕೊಯ್ಲು ಮುಗಿದ ಗದ್ದೆಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಯಕ್ಷಗಾನ ನೋಡುತ್ತಿದ್ದೆವು. ಜಾತ್ರೆಗೆ ಕಂಪನಿಯವರು ಬಂದರೆ ತಗಡಿನ ಥಿಯೇಟರಿನಲ್ಲಿ ನಾಟಕ ನೋಡುತ್ತಿದ್ದೆವು. ಕಾಲೇಜಿನೊಳಗೆ, ಅದೂ ಟಿಕೆಟ್ ಇಟ್ಟು, ಊರಿನವರೆಲ್ಲ ಬಂದು ಕೂರುವಂಥ ನಾಟಕ ನಡೆಯಬಹುದೆಂದು ನಮಗೆ ತೋರಿಸಿಕೊಟ್ಟದ್ದು ಊರೂರಿಗೆ ನಾಟಕ ಒಯ್ಯುವ ನೀನಾಸಂ ತಿರುಗಾಟ.

ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಮೊದಲಿಗೆ ಅಡಿಕೆ ತೋಟದವರ ಹವ್ಯಾಸಿ ತಂಡವಾಗಿತ್ತು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಅದು ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಕಟ್ಟಿಕೊಂಡು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, 1985ರಲ್ಲಿ ತಿರುಗಾಟವನ್ನು ಹೊರಡಿಸಿತು. ರಂಗಮಂದಿರವಿಲ್ಲದ ಊರುಗಳಿಗೆ ನಾಟಕವನ್ನೇ ಕೊಂಡೊಯ್ಯುವ ಈ ಏರ್ಪಾಟಿನಲ್ಲಿ ತಂಡದ ಊಟ, ವಸತಿ, ಪ್ರದರ್ಶನದ ಹಣ ಇವೆಲ್ಲ ಆಯಾ ಊರಿನ ಸಂಘಟಕರ ಹೊಣೆ. ನಮ್ಮಲ್ಲಿ ಆ ಹೊಣೆ ಹೊತ್ತವರು ಕನ್ನಡ ವಿಭಾಗದವರು. ಐದು ರೂಪಾಯಿಯ ಟಿಕೆಟ್ ಪುಸ್ತಕ ಹಿಡಿದು ಪೇಟೆಯ ಅಂಗಡಿ ಅಂಗಡಿ ಅಲೆದವರು ನಾವು.

ತಂಡದವರು ಬೆಳಿಗ್ಗೆ ಬಂದಿಳಿದಾಗ ನಮಗೆ ಮೊದಲ ಅಚ್ಚರಿ ಕಾದಿತ್ತು. ಪೆಟ್ಟಿಗೆ ಇಳಿಸುವವರು, ದೀಪ ಕಟ್ಟುವವರು, ಗುಡಿಸುವವರು ಎಲ್ಲರೂ ನಟರೇ. ಸಂಜೆ ರಾಜನಾಗುವ ವ್ಯಕ್ತಿ ಲುಂಗಿ ಎತ್ತಿ ಕಟ್ಟಿ ಏಣಿಯ ಮೇಲಿದ್ದರು. ಎರಡನೆಯದು ಅಚ್ಚರಿಯಲ್ಲ, ಅವಮಾನ. ಅವರಲ್ಲೊಬ್ಬರು ವೇದಿಕೆಯನ್ನು ಹೆಜ್ಜೆಯಲ್ಲಿ ಅಳೆದು, ಇದು ಭಾಷಣಕ್ಕೆ ಸಾಕು, ನಾಟಕಕ್ಕೆ ಸಾಲದು ಎಂದುಬಿಟ್ಟರು. ಆಗಲೇ ನಾವು ತರಗತಿಗಳಿಂದ ಡೆಸ್ಕುಗಳನ್ನು ಹೊತ್ತು ತಂದು, ಅಡಿಗೆ ಇಟ್ಟಿಗೆ ಕೊಟ್ಟು, ಒಂದಕ್ಕೊಂದು ಬಿಗಿದು, ಮೇಲೆ ಜಮಖಾನೆ ಹಾಸಿ ವೇದಿಕೆಯನ್ನು ಮುಂದಕ್ಕೆ ಬೆಳೆಸಿದೆವು. ರಸಾಯನಶಾಸ್ತ್ರದ ಪ್ರಯೋಗಾಲಯವೇ ಬಣ್ಣದ ಕೋಣೆಯಾಯಿತು.

ಸಂಜೆ ಸಭಾಂಗಣ ತುಂಬಿ, ಕಿಟಕಿಗಳ ಹೊರಗೂ ಜನ ನಿಂತರು. ಟಿಕೆಟ್ ಕೊಳ್ಳಲು ಚೌಕಾಸಿ ಮಾಡಿದ್ದ ಕಿರಾಣಿ ಅಂಗಡಿಯವರು ಮನೆಮಂದಿಯೊಂದಿಗೆ ಎರಡನೆಯ ಸಾಲಿನಲ್ಲಿದ್ದರು. ನಾಟಕ ಶುರುವಾಗಿ ಹತ್ತು ನಿಮಿಷವಾಗಿರಬೇಕು, ರಾಜ ಮುಂದೆ ಬಂದು ಎಡಗಡೆಯ ಮೂರನೆಯ ಡೆಸ್ಕಿನ ಮೇಲೆ ಕಾಲಿಟ್ಟೊಡನೆ ಅದು ಕಿರ್ರೆಂದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಟ್ಟಿಗೆ ಕೊಟ್ಟವನು ನಾನೇ ಆದ್ದರಿಂದ ನನಗೆ ಮೈಯೆಲ್ಲ ಬೆವರು. ರಾಜನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ. ಅಲ್ಲಿಂದ ಕೊನೆಯವರೆಗೆ ಅವರು ಆ ಡೆಸ್ಕನ್ನು ತುಳಿಯಲೇ ಇಲ್ಲ. ಕೋಪದಿಂದ ಧಾವಿಸುವಾಗ ಅದರ ಅಂಚಿನಲ್ಲಿ ತಿರುಗಿದರು. ಮಗನ ಶವದತ್ತ ನಡೆಯುವಾಗ ಎರಡರಿಂದ ನಾಲ್ಕಕ್ಕೆ ಒಂದೇ ದೀರ್ಘ ಹೆಜ್ಜೆ ಇಟ್ಟರು, ಆ ಹೆಜ್ಜೆ ದುಃಖದ್ದೇ ಎಂಬಂತಿತ್ತು. ಪಕ್ಕದಲ್ಲಿದ್ದ ನಮ್ಮ ಉಪನ್ಯಾಸಕರು, "ಎಂಥ ನಡಿಗೆ ನೋಡಯ್ಯ" ಎಂದು ಪಿಸುಗುಟ್ಟಿದರು. ಅದರ ಹಿಂದಿದ್ದ ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು.

ಆಟ ಮುಗಿದ ಮೇಲೆ ಹಿಂಬದಿಯ ನಲ್ಲಿಯ ಹತ್ತಿರ ಅವರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಹೋಗಿ ತಪ್ಪೊಪ್ಪಿಕೊಂಡೆ. ಅವರು ನಕ್ಕು, ಸುಗಮವಾದ ವೇದಿಕೆ ಸಿಗುವುದೇ ಅಪರೂಪವೆಂದೂ, ಕಾಲಿಗೆ ಕಣ್ಣಿರಬೇಕೆಂದೂ ಹೇಳಿದರು.

ಮರುವರ್ಷ ಅಕ್ಟೋಬರಿನಲ್ಲಿ ನಾವು ನಾಲ್ವರು ಬಸ್ಸು ಹಿಡಿದು ಹೆಗ್ಗೋಡಿಗೇ ಹೋಗಿ ಬಂದೆವು. ಅಷ್ಟು ದೊಡ್ಡ ರಂಗಮಂದಿರ ಅಡಿಕೆ ತೋಟಗಳ ನಡುವಿನ ಸಣ್ಣ ಹಳ್ಳಿಯಲ್ಲಿರುವುದಕ್ಕಿಂತ, ಆ ಹಳ್ಳಿಯವರು ಹಾಲಿನ ಡೇರಿಗೆ ಹೋಗುವಷ್ಟೇ ಸಹಜವಾಗಿ ಅದರೊಳಗೆ ಹೋಗಿ ಕೂರುತ್ತಿದ್ದುದು ನನಗೆ ಹೆಚ್ಚು ಸೋಜಿಗವೆನಿಸಿತು. ಪೇಟೆಯ ಕಲಾಮಂದಿರಗಳಲ್ಲಿ ಆ ಸಲಿಗೆಯನ್ನು ನಾನು ಮುಂದೆಯೂ ಕಂಡಿಲ್ಲ.

ಟಿಕೆಟ್ ಹಣದಲ್ಲಿ ಖರ್ಚು ಕಳೆದು ಚೂರು ಉಳಿದಿತ್ತು. ಪ್ರಾಂಶುಪಾಲರನ್ನು ಒಪ್ಪಿಸಿ, ತಂಡ ಮತ್ತೆ ಬರುವ ಮೊದಲು ಆಚಾರಿಯನ್ನು ಕರೆಸಿ ವೇದಿಕೆಯ ಮುಂಭಾಗಕ್ಕೆ ನಾಲ್ಕು ಅಡಿ ಅಗಲದ ಹಲಸಿನ ಹಲಗೆ ಕೂರಿಸಿದೆವು. ಕೆಲಸ ಮುಗಿದ ಸಂಜೆ ಅದರ ಮೇಲೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದು ನೋಡಿದೆ. ಎಲ್ಲಿಯೂ ಸದ್ದಿಲ್ಲ.