ಜೀಬ್ರಾ ಅಂದ್ರೆ ಪ್ರಾಣಿಯಾ ಮೇಡಂ?

ಕುಂದಾಪುರದಲ್ಲಿ ಅಕ್ಕನ ಮಗಳ ಮದುವೆ. ಬಾಳೆಲೆ ಹಾಕಿ, ಉಪ್ಪು-ಉಪ್ಪಿನಕಾಯಿ ಬಡಿಸಿ ಆಗಿತ್ತು. ಅಷ್ಟರಲ್ಲಿ ಉಡುಪಿಯಿಂದ ಫೋನ್, ನಮ್ಮ ಲೈಬ್ರರಿ ಕೌಂಟರಿನ ಅಣ್ಣನದ್ದು.

"ಮೇಡಂ, ಇವತ್ತು ಸೇರಿಸಿದ ಪುಸ್ತಕ ಒಂದೂ ಸರ್ಚಲ್ಲಿ ಬರುವುದಿಲ್ಲ. ನೀವು ಬರೆದದ್ದು ನೋಡಿದೆ. ಜೀಬ್ರಾ ಪರಿಶೀಲಿಸಿ ಅಂತ ಉಂಟು. ಜೀಬ್ರಾ ಅಂದ್ರೆ ಎಂತ, ಪ್ರಾಣಿಯಾ?"

ನಗು ಬಂತು. ಆಮೇಲೆ ನಾಚಿಕೆಯೂ ಆಯಿತು, ಯಾಕೆಂದರೆ ನಮ್ಮ ಲೈಬ್ರರಿ ಸಾಫ್ಟ್‌ವೇರಿನ ಕನ್ನಡ ಕೈಪಿಡಿಯಲ್ಲಿ ಆ ಸಾಲು ಬರೆದವಳು ನಾನೇ.

ನಮ್ಮಲ್ಲಿ ಇರುವುದು ಕೋಹಾ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಜಿಲ್ಲೆಯ ಲೈಬ್ರರಿಗಳಿಗಾಗಿ ಹುಟ್ಟಿದ ಸಾಫ್ಟ್‌ವೇರ್. ಅವರ ಹಳೆಯ ಸಾಫ್ಟ್‌ವೇರಿಗೆ 2000ನೇ ಇಸವಿ ದಾಟುವ ತಾಕತ್ತು ಇರಲಿಲ್ಲ, ಹೊಸತು ಬರೆಸಿದರು, ಬರೆಸಿದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಪುಸ್ತಕ ಹುಡುಕಿಕೊಡುವ ಕೆಲಸ ಅದರೊಳಗಿನ ಜೀಬ್ರಾ ಎಂಬ ಇನ್ನೊಂದು ಪ್ರೋಗ್ರಾಮಿನದ್ದು. ಪುಸ್ತಕ ಸೇರಿಸಿದರೆ ಸಾಲದು, ಜೀಬ್ರಾದ ಪಟ್ಟಿಗೂ ಅದು ಹೋಗಬೇಕು. ಹಿಂದಿನ ರಾತ್ರಿ ಕರೆಂಟ್ ಹೋಗಿ ಸರ್ವರ್ ಮತ್ತೆ ಆನ್ ಆದಾಗ ಆ ಕೆಲಸ ಒಂದು ಮಾತ್ರ ಶುರುವಾಗಿರಲಿಲ್ಲ. ಫೋನಿನಲ್ಲೇ ಕಮಾಂಡ್ ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಎಲೆಯಲ್ಲಿ ಸಾರು ಆರಿತ್ತು.

ಈಗ ಆ ಪುಟದ ತಲೆಬರಹ "ಜೀಬ್ರಾ ಪರಿಶೀಲನೆ" ಅಲ್ಲ. "ಸೇರಿಸಿದ ಪುಸ್ತಕ ಸರ್ಚಿನಲ್ಲಿ ಬಾರದಿದ್ದರೆ" ಅಂತ. ಕೆಳಗೆ ಕಮಾಂಡ್, ಅದು ಓಡುವಾಗ ಸ್ಕ್ರೀನಿನಲ್ಲಿ ಏನು ಕಾಣುತ್ತದೆ, ಎಷ್ಟು ಹೊತ್ತು ಸುಮ್ನೆ ಕಾಯಬೇಕು. ಜೀಬ್ರಾ ಹೆಸರು ಕೊನೆಯ ಸಾಲಿನಲ್ಲಿ ಒಮ್ಮೆ ಬರುತ್ತದೆ, ಅಷ್ಟೆ.

ಇಂಥ ತಪ್ಪು ಇನ್ನೂ ಇದ್ದವು. ಸರ್ಕ್ಯುಲೇಷನ್ ಎಂಬುದಕ್ಕೆ "ಪರಿಚಲನೆ" ಎಂದು ಬರೆದು ಬೀಗಿದ್ದೆ. ಕೌಂಟರಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಇಶ್ಯೂ, ರಿಟರ್ನ್. ಪ್ರತಿ ಪುಸ್ತಕಕ್ಕೆ ಲೈಬ್ರರಿ ಕೊಡುವ ಕ್ರಮಸಂಖ್ಯೆಗೆ "ದಾಖಲೆ ಸಂಖ್ಯೆ" ಅಂದರೆ ಯಾರಿಗೂ ಗೊತ್ತಿಲ್ಲ, ಅಕ್ಸೆಷನ್ ನಂಬರ್ ಅಂದರೆ ಅಣ್ಣನ ಕೈ ನೇರ ರಿಜಿಸ್ಟರಿಗೆ ಹೋಗುತ್ತದೆ. ಬಟನ್ ಹೆಸರನ್ನಂತೂ ಅನುವಾದ ಮಾಡಲೇಬಾರದು. ಸ್ಕ್ರೀನಿನಲ್ಲಿ "ಪೇಟ್ರನ್ಸ್" ಅಂತ ಇರುವಾಗ ನಾನು "ಸದಸ್ಯರು ಒತ್ತಿ" ಎಂದರೆ ಅವರು ಎಲ್ಲಿ ಒತ್ತಬೇಕು?

ಬರೆದದ್ದನ್ನು ವೆಬ್ಬಿಗೆ ಏರಿಸುವುದು ಇನ್ನೊಂದು ಕಥೆ. ಕೋಹಾದ ಮೂಲ ಕೈಪಿಡಿ ಸ್ಫಿಂಕ್ಸ್‌ನಲ್ಲಿದೆ, ಹಾಗಾಗಿ ನಾನೂ ಅದನ್ನೇ ಹಿಡಿದೆ. ಸಾದಾ ಬರಹವನ್ನು ವೆಬ್ ಪುಟ ಮಾಡಿಕೊಡುವ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗೆಂದು ಮಾಡಿ 2008ರಲ್ಲಿ ಹೊರಬಿಟ್ಟ ಸಾಧನ ಅದು. ಅದರಲ್ಲಿ ತಲೆಬರಹದ ಕೆಳಗೆ ಸಮ ಚಿಹ್ನೆಗಳ (=) ಗೆರೆ ಹಾಕಬೇಕು, ಗೆರೆ ತಲೆಬರಹಕ್ಕಿಂತ ಚಿಕ್ಕದಿರಬಾರದು. "ಪುಸ್ತಕ" ಎಂದು ಬರೆದು ಕೆಳಗೆ ಮೂರು ಚಿಹ್ನೆ ಹಾಕಿದೆ. ಕಣ್ಣಿಗೆ ಮೂರೇ ಅಕ್ಷರ ಅಲ್ವಾ? ಪುಟ ತೆರೆದರೆ ತಲೆಬರಹ ಆಗಲೇ ಇಲ್ಲ, ಗೆರೆ ಸಮೇತ ಸಾದಾ ಸಾಲಾಗಿ ಕೂತಿದೆ. ಅರ್ಧ ದಿನ ತಲೆ ಕೆರೆದುಕೊಂಡೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ ಅದು ಪ, ಉಕಾರದ ಕೊಂಬು, ಸ, ಹಲಂತ, ತ, ಕ. ಒಟ್ಟು 6 ತುಂಡು. ಗೆರೆಯ ಲೆಕ್ಕಕ್ಕೆ ಹಲಂತ ಬಿಟ್ಟರೂ 5. ಈಗ ನಾನು ಎಣಿಸುವುದೇ ಇಲ್ಲ. ಎಲ್ಲದಕ್ಕೂ 40 ಚಿಹ್ನೆ ಎಳೆದು ಬಿಡುತ್ತೇನೆ. ಗೆರೆ ಜಾಸ್ತಿ ಉದ್ದ ಆದರೆ ಅದಕ್ಕೇನೂ ತಕರಾರಿಲ್ಲ.

ಇನ್ನು ಹೊಸ ಆವೃತ್ತಿಗಳು. ನಮ್ಮ ಉಡುಪಿ ಕೃಷ್ಣಮಠದಲ್ಲಿ ಪೂಜೆಯ ಸರದಿ ಬದಲಾಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ. ಕೋಹಾದ್ದು ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್. ಒಂದು ಮೆನು ಜಾಗ ಬದಲಿಸಿದರೂ ನನ್ನ ಹತ್ತು ಸ್ಕ್ರೀನ್‌ಶಾಟ್ ಹಳತು. ಹಾಗಾಗಿ ಚಿತ್ರ ಕಡಿಮೆ ಮಾಡಿದೆ. ಮಾತಿನಲ್ಲಿ ಹೇಳಿದ್ದನ್ನು ತಿದ್ದುವುದು ಸುಲಭ.

ಈಗ ಪುಟ ಬರೆದ ಕೂಡಲೇ ಏರಿಸುವುದಿಲ್ಲ. ಪ್ರಿಂಟ್ ತೆಗೆದು ಅಣ್ಣನ ಮೇಜಿನ ಮೇಲೆ ಇಡುತ್ತೇನೆ. ಪಕ್ಕದಲ್ಲಿ ನಿಂತು ವಿವರಿಸುವುದೂ ಇಲ್ಲ. ಹಾಗೆ ಮಾಡಿದರೆ ಅವರು ಓದುವುದಿಲ್ಲ, ನನ್ನ ಮುಖ ನೋಡುತ್ತಾರೆ. ದಂಡದ ಲೆಕ್ಕದ ಪುಟ ಮೊನ್ನೆ ವಾಪಸ್ ಬಂತು. ಮೂರು ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ. ನಾಲ್ಕನೆಯ ಕಡೆ ಬರೆದದ್ದು, "ಭಾನುವಾರಕ್ಕೂ ಫೈನ್ ಉಂಟಾ?"

ಕೋಹಾದ ರಜೆಯ ಕ್ಯಾಲೆಂಡರಿನಲ್ಲಿ ಭಾನುವಾರ ತುಂಬಬೇಕು ಎಂದು ನಾನು ಬರೆದೇ ಇರಲಿಲ್ಲ.